ತೂತಿಲ್ಲದ ಹಾಳೆ: ಹೊಸ ಸೆಮಿಸ್ಟರ್‌ನ ಮೊದಲ ವಾರದ ಒಂದು ಪ್ರಕರಣ

ಸೆಮಿಸ್ಟರ್ ಶುರುವಾಗಲು ಇನ್ನೂ ಹತ್ತು ದಿನ ಇತ್ತು. ಇತಿಹಾಸ ವಿಭಾಗದ ಅಧ್ಯಾಪಕಿಯೊಬ್ಬರು ನಮ್ಮ ಅಪರೂಪದ ಪುಸ್ತಕಗಳ ಗ್ರಂಥಾಲಯಕ್ಕೆ ಪತ್ರ ಬರೆದರು. ಹೊಸದಾಗಿ ಸೇರಿದ 42 ವಿದ್ಯಾರ್ಥಿಗಳು. ವಿಷಯ, ಅಚ್ಚಿನ ಇತಿಹಾಸ. ಒಂದೇ ದಿನ, ಒಂದೇ ಗಂಟೆ. ಜೊತೆಗೆ 31 ಪುಸ್ತಕಗಳ ಪಟ್ಟಿ. "ನಿಮ್ಮಲ್ಲಿರುವ ಹಳೆಯದನ್ನೆಲ್ಲ ಮಕ್ಕಳು ಒಮ್ಮೆ ಕಣ್ಣಾರೆ ನೋಡಲಿ ಅಂತ ಆಸೆ" ಎಂದು ಕೊನೆಯಲ್ಲಿ ಬರೆದಿದ್ದರು.

ಅವರ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. 1500ನೇ ಇಸವಿಗಿಂತ ಮುಂಚೆ ಅಚ್ಚಾದ ಪುಸ್ತಕ ಎದುರಿಗಿದೆ ಅಂದರೆ ಯಾರಿಗಾದರೂ ಮೈ ಜುಮ್ ಅನ್ನುತ್ತದೆ. ಹಿಂದಿನ ಸೆಮಿಸ್ಟರ್‌ನಲ್ಲಿ ನಾವು ಹಾಗೇ ಮಾಡಿದ್ದೆವು. ಉದ್ದನೆಯ ಮೇಜುಗಳ ಮೇಲೆ 30 ಪುಸ್ತಕ ತೆರೆದಿಟ್ಟೆವು. ವಿದ್ಯಾರ್ಥಿಗಳು ಸಾಲಾಗಿ ಬಂದರು. ಒಂದೊಂದರ ಮುಂದೆ ಒಂದೂವರೆ ನಿಮಿಷ ನಿಂತರು, ಫೋಟೋ ತೆಗೆದರು, ಹೋದರು. ಯಾರಿಗೂ ಬೇಸರವಾಗಲಿಲ್ಲ. ಧನ್ಯವಾದದ ಪತ್ರವೂ ಬಂತು. ಆದರೆ ಸೆಮಿಸ್ಟರ್ ಮುಗಿದ ಮೇಲೆ ನಾನು ಓದುವ ಕೊಠಡಿಯ ರಿಜಿಸ್ಟರ್ ತೆಗೆದು ನೋಡಿದೆ. ಆ ತರಗತಿಯ ಒಬ್ಬರ ಸಹಿಯೂ ಅದರಲ್ಲಿ ಇರಲಿಲ್ಲ. ಇದು ನನ್ನನ್ನು ತುಂಬ ದಿನ ಕಾಡಿತು.

ಹಾಗಾಗಿ ಈ ಸಲ ಪತ್ರಕ್ಕೆ ಉತ್ತರ ಬರೆಯುವ ಬದಲು ಫೋನ್ ಮಾಡಿದೆ. "ಮೇಡಂ, 31 ಬೇಡ, ಐದು ಸಾಕು. ಆದರೆ ಮಕ್ಕಳು ಅದನ್ನು ಕೈಯಲ್ಲಿ ಮುಟ್ಟಬೇಕು" ಅಂದೆ. "ಮುಟ್ಟಬಹುದಾ?" ಅಂತ ಅವರು ಎರಡು ಸಲ ಕೇಳಿದರು. ಒಂದು ಗುಂಪಿಗೆ 14 ಜನ, ಮೂರು ಗುಂಪು, ಮೂರು ದಿನ, ಪ್ರತಿ ಗುಂಪಿಗೆ 75 ನಿಮಿಷ ಬೇಕು ಅಂತ ಕೇಳಿಕೊಂಡೆ. ಪಾಠದ ಎರಡು ತರಗತಿ ಕಡಿಮೆಯಾಗುತ್ತದೆ ಅಂತ ಅವರು ಯೋಚಿಸಿದರು. ಮರುದಿನ ಒಪ್ಪಿದರು. ಸೆಮಿಸ್ಟರ್‌ನ ಮೊದಲ ವಾರದಲ್ಲೇ ಎರಡು ತರಗತಿ ಬಿಟ್ಟುಕೊಡುವುದು ಸಣ್ಣ ಮಾತಲ್ಲ. ಮುಂದೆ ನಡೆದದ್ದಕ್ಕೆಲ್ಲ ಅವರ ಆ ಒಪ್ಪಿಗೆಯೇ ಕಾರಣ ಅಂತ ನಾನು ನಂಬಿದ್ದೇನೆ.

ಐದು ಪುಸ್ತಕ ಆರಿಸಿದ್ದು

ಪಟ್ಟಿ ಹಿಡಿದು ನಾನೂ ಸಂರಕ್ಷಣೆ ನೋಡಿಕೊಳ್ಳುವ ಸಹೋದ್ಯೋಗಿಯೂ ಉಗ್ರಾಣಕ್ಕೆ ಇಳಿದೆವು. ಯಾವುದು ಹೆಚ್ಚು ಹಳೆಯದು ಅಂತ ನಾವು ನೋಡಲಿಲ್ಲ. ಮೂರು ದಿನ, 14 ಜೊತೆ ಕೈ, ಇಷ್ಟನ್ನು ಯಾವುದು ತಡೆದುಕೊಳ್ಳುತ್ತದೆ ಅಂತ ನೋಡಿದೆವು. ವಯಸ್ಸಿಗೂ ಗಟ್ಟಿತನಕ್ಕೂ ಸಂಬಂಧವೇ ಇಲ್ಲ ಅನ್ನುವುದು ಹೊಸಬರಿಗೆ ಆಶ್ಚರ್ಯ ತರುತ್ತದೆ. ಹದಿನಾರನೇ ಶತಮಾನದ ಕಾಗದ ಹಳೆಯ ನಾರುಬಟ್ಟೆಯ ಚಿಂದಿಯಿಂದ ಮಾಡಿದ್ದು. ಇವತ್ತಿಗೂ ಮಡಿಸಿದರೆ ಮಡಚುತ್ತದೆ, ಬಿಟ್ಟರೆ ನೆಟ್ಟಗಾಗುತ್ತದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಮರದ ತಿರುಳಿನಿಂದ ಮಾಡಿದ ಕಾಗದ ತನ್ನೊಳಗಿನ ಆಮ್ಲದಿಂದ ತಾನೇ ಒಣಗಿ, ಮೂಲೆ ಮುಟ್ಟಿದರೆ ಪುಡಿಯಾಗುತ್ತದೆ. ಪಟ್ಟಿಯಲ್ಲಿದ್ದ ಹೊಸ ಪುಸ್ತಕಗಳನ್ನೇ ನಾವು ಮೊದಲು ಬಿಟ್ಟದ್ದು ಅದಕ್ಕೇ.

ಬೆನ್ನಿನ ಚರ್ಮ ಕೆಂಪು ಪುಡಿಯಾಗಿ ಉದುರುತ್ತಿದ್ದ ಮೂರನ್ನು ವಾಪಸ್ ಇಟ್ಟೆವು. ಒಂದು ಕೈಬರಹದ ಪುಸ್ತಕವನ್ನೂ ಬಿಟ್ಟೆವು. ಅದರ ಮಸಿ ಕಬ್ಬಿಣದ ಉಪ್ಪು ಮತ್ತು ಓಕ್ ಮರದ ಗಂಟಿನಿಂದ ಮಾಡಿದ್ದು. ಅಂಥ ಮಸಿ ವರ್ಷಗಳು ಕಳೆದಂತೆ ಕಾಗದವನ್ನೇ ತಿನ್ನುತ್ತದೆ. ಕೆಲವು ಕಡೆ ಅಕ್ಷರ ಇರಬೇಕಾದ ಜಾಗದಲ್ಲಿ ಅಕ್ಷರದ ಆಕಾರದ ತೂತು ಇತ್ತು.

ಇನ್ನೊಂದು, ಹೊಳೆಯುವ ಹಸಿರು ಬಟ್ಟೆಯ ಬೈಂಡಿಂಗ್ ಇದ್ದ 1850ರ ದಶಕದ ಪುಸ್ತಕ. ನೋಡಲು ಬಹಳ ಚೆಂದ. ಆದರೆ ಆ ಕಾಲದ ಹೊಳೆಯುವ ಹಸಿರಿನಲ್ಲಿ ತಾಮ್ರದ ಜೊತೆ ಆರ್ಸೆನಿಕ್ ಎಂಬ ವಿಷ ಇರುವ ಸಾಧ್ಯತೆ ಇದೆ. ಅಮೆರಿಕದ ವಿಂಟರ್‌ಥರ್ ಮ್ಯೂಸಿಯಂನವರು ಡೆಲವೇರ್ ವಿಶ್ವವಿದ್ಯಾಲಯದ ಜೊತೆ ಸೇರಿ 2019ರಿಂದ ಇಂಥ ಪುಸ್ತಕಗಳನ್ನು ಹುಡುಕುತ್ತಿದ್ದಾರೆ. 2024ರಲ್ಲಿ ಫ್ರಾನ್ಸ್‌ನ ರಾಷ್ಟ್ರೀಯ ಗ್ರಂಥಾಲಯ ಇದೇ ಅನುಮಾನದಿಂದ ನಾಲ್ಕು ಪುಸ್ತಕಗಳನ್ನು ಓದುಗರಿಗೆ ಕೊಡುವುದನ್ನು ನಿಲ್ಲಿಸಿತು. ನಾವು ನೈಟ್ರೈಲ್ ಕೈಗವಸು ಹಾಕಿಕೊಂಡು ಅದನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಪರೀಕ್ಷೆ ಆಗುವ ತನಕ ಬೇರೆ ಕಪಾಟಿನಲ್ಲಿ ಇರಿಸಿದೆವು. ಮೊದಲ ವಾರದ ಗಡಿಬಿಡಿಯಲ್ಲಿ ಪಟ್ಟಿಯಲ್ಲಿದ್ದದ್ದನ್ನೆಲ್ಲ ಸುಮ್ನೆ ಟ್ರಾಲಿಗೆ ಹಾಕಿದ್ದರೆ ಇದೂ ಮೇಜಿಗೆ ಹೋಗುತ್ತಿತ್ತು.

ಕೊನೆಗೆ ಉಳಿದ ಐದರಲ್ಲಿ ಒಂದು ಗಿಡಮೂಲಿಕೆಗಳ ಪುಸ್ತಕ. ಹದಿನಾರನೇ ಶತಮಾನದ ನಡುವಿನದು, ಫೋಲಿಯೋ ಎನ್ನುವ ದೊಡ್ಡ ಗಾತ್ರ, ಪ್ರತಿ ಗಿಡಕ್ಕೂ ಮರದಚ್ಚಿನ ಚಿತ್ರ. ಸುಮಾರು 1800ರ ಹೊತ್ತಿಗೆ ಯಾರೋ ಗಟ್ಟಿಯಾಗಿ ಹೊಸ ಬೈಂಡಿಂಗ್ ಹಾಕಿಸಿದ್ದರು. ಕ್ಯಾಟಲಾಗ್‌ನಲ್ಲಿ ಅದರ ಬಗ್ಗೆ ಇದ್ದದ್ದು ಒಂದು ಸಾಲು: ಪೂರ್ಣ ಪ್ರತಿ, ಅಲ್ಲಲ್ಲಿ ಹುಳು ತಿಂದ ತೂತು. ಈ ಪ್ರಕರಣ ಆ ಒಂದು ಸಾಲಿನ ಬಗ್ಗೆ.

ಮೊದಲ ಗುಂಪು

ಸೋಮವಾರದ ಗುಂಪು ಬರುವ ಮೊದಲು ಮೇಜು ಸಿದ್ಧವಾಗಿತ್ತು. ಪುಸ್ತಕ ಪೂರ್ತಿ ಚಪ್ಪಟೆಯಾಗಿ ತೆರೆದು ಬೆನ್ನು ಮುರಿಯದಿರಲಿ ಅಂತ ಎರಡೂ ಕಡೆ ಫೋಮ್ ದಿಂಬು. ಪುಟ ಹಿಡಿಯಲು ಬಟ್ಟೆಯೊಳಗೆ ಸೀಸದ ಗುಂಡು ತುಂಬಿದ ಹಾವಿನಂಥ ಉದ್ದ ತೂಕ. ಬರೆಯಲು ಪೆನ್ಸಿಲ್ ಮಾತ್ರ. ಚೀಲ, ನೀರಿನ ಬಾಟಲಿ ಹೊರಗೆ. ಕೈಗವಸು ಯಾಕೆ ಕೊಡಲಿಲ್ಲ ಅಂತ ಒಬ್ಬ ಹುಡುಗ ಕೇಳಿದ. ಸಿನಿಮಾದಲ್ಲಿ ಎಲ್ಲರೂ ಬಿಳಿ ಕೈಗವಸು ಹಾಕಿಕೊಳ್ಳುತ್ತಾರೆ, ಅಲ್ವಾ? ಬಟ್ಟೆಯ ಕೈಗವಸಿನಲ್ಲಿ ಬೆರಳಿಗೆ ಕಾಗದದ ಸ್ಪರ್ಶ ತಿಳಿಯುವುದಿಲ್ಲ. ಅದರ ನೂಲು ಹರಿದ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಸೋಪಿನಲ್ಲಿ ತೊಳೆದು ಚೆನ್ನಾಗಿ ಒರೆಸಿದ ಬರಿಗೈಯೇ ಪುಸ್ತಕಕ್ಕೆ ಒಳ್ಳೆಯದು. ಕೈಗವಸು ಬೇಕಾಗುವುದು ಫೋಟೋ, ಲೋಹ, ಆ ಹಸಿರು ಬೈಂಡಿಂಗ್‌ನಂಥವಕ್ಕೆ.

ಇಷ್ಟು ಚೆನ್ನಾಗಿತ್ತು. ಆಮೇಲೆ ನಾನು ಮಾತಾಡಲು ಶುರು ಮಾಡಿದೆ. ಯೂರೋಪಿನಲ್ಲಿ ಅಚ್ಚುಮೊಳೆಯ ಮುದ್ರಣ ಶುರು ಮಾಡಿದ ಗುಟೆನ್‌ಬರ್ಗ್ ಸುಮಾರು 1455ರಲ್ಲಿ ಜರ್ಮನಿಯ ಮೈಂಟ್ಸ್‌ನಲ್ಲಿ ಬೈಬಲ್ ಮುಗಿಸಿದ್ದು, ಸುಮಾರು 180 ಪ್ರತಿ ಅಚ್ಚಾಗಿ ಈಗ 50ಕ್ಕಿಂತ ಕಡಿಮೆ ಉಳಿದಿರುವುದು, ಅಚ್ಚುಮೊಳೆ ಎರಕ ಹೊಯ್ಯುವ ರೀತಿ, ಮರದಚ್ಚು ಕೆತ್ತುವ ರೀತಿ. 75 ನಿಮಿಷದಲ್ಲಿ 35 ನಿಮಿಷ ನನ್ನದೇ ಮಾತು. ಉಳಿದ ಸಮಯದಲ್ಲಿ ಅವರು ಪುಟ ತಿರುಗಿಸಿದರು, ನಾನು ಹೇಳಿದ್ದನ್ನೇ ಹುಡುಕಿದರು, ಸಿಕ್ಕಿತು ಅಂತ ಬರೆದುಕೊಂಡರು. ಒಂದು ಪುಟದ ಮೂಲೆ ಸ್ವಲ್ಪ ಮಡಚಿತು, ಅದನ್ನು ಸರಿಮಾಡಿದೆವು. ಹೊಸ ಪ್ರಶ್ನೆ ಒಂದೂ ಬರಲಿಲ್ಲ. ಆ ಸಂಜೆ ಮೇಡಂ ಮೆಲ್ಲಗೆ ಹೇಳಿದರು: "ಸರ್, ನೀವು ಉತ್ತರ ಮೊದಲೇ ಕೊಟ್ಟುಬಿಡುತ್ತೀರಿ." ಅವರ ಮಾತು ನಿಜ.

ಎರಡನೇ ಗುಂಪು

ಬುಧವಾರ ನಾನು ಎಂಟು ನಿಮಿಷ ಮಾತಾಡಿದೆ. ಪುಸ್ತಕ ಹೇಗೆ ಹಿಡಿಯಬೇಕು ಅಂತ ತೋರಿಸಿದೆ. ಜೊತೆಗೆ ಒಂದು ದೊಡ್ಡ ಕಾಗದ ತೆಗೆದುಕೊಂಡು ಮಡಿಸಿ ತೋರಿಸಿದೆ. ಒಮ್ಮೆ ಮಡಿಸಿದರೆ ಎರಡು ಹಾಳೆ, ನಾಲ್ಕು ಪುಟ, ಅದು ಫೋಲಿಯೋ. ಎರಡು ಸಲ ಮಡಿಸಿದರೆ ನಾಲ್ಕು ಹಾಳೆ, ಕ್ವಾರ್ಟೋ. ಮೂರು ಸಲ ಮಡಿಸಿದರೆ ಎಂಟು ಹಾಳೆ, ಆಕ್ಟೇವೋ. ಹೀಗೆ ಮಡಿಸಿದ್ದನ್ನು ಒಟ್ಟಿಗೆ ಸೇರಿಸಿ ಹೊಲಿದ ಕಟ್ಟಿಗೆ ಪ್ರೆಸ್‌ನವರು ಇವತ್ತಿಗೂ ಫಾರಂ ಅನ್ನುತ್ತಾರೆ. ನಮ್ಮ ಗಿಡಮೂಲಿಕೆ ಪುಸ್ತಕದಲ್ಲಿ ಮೂರು ದೊಡ್ಡ ಕಾಗದ ಒಂದರೊಳಗೊಂದು ಕೂತು ಆರು ಹಾಳೆಯ ಫಾರಂ ಆಗಿದೆ. ಅಂದರೆ ಮೊದಲನೆಯ ಮತ್ತು ಆರನೆಯ ಹಾಳೆ ಒಂದೇ ಕಾಗದ. ಎರಡು ಮತ್ತು ಐದು ಒಂದೇ ಕಾಗದ. ಮೂರು ಮತ್ತು ನಾಲ್ಕು ಒಂದೇ ಕಾಗದ. ಪ್ರತಿ ಫಾರಂಗೂ ಒಂದು ಅಕ್ಷರದ ಗುರುತು ಪುಟದ ಕೆಳಗೆ ಇರುತ್ತದೆ. ಬೈಂಡಿಂಗ್ ಮಾಡುವವನಿಗೆ ಅದೇ ದಾರಿ.

ಆಮೇಲೆ ಒಂದೇ ಪ್ರಶ್ನೆ ಕೊಟ್ಟೆ: ಈ ಪುಸ್ತಕಕ್ಕೆ ಏನೇನು ಆಗಿದೆ? ಓದಬೇಡಿ, ನೋಡಿ. ಭಾಷೆ ಲ್ಯಾಟಿನ್ ಆಗಿದ್ದದ್ದು ಅನುಕೂಲವೇ ಆಯಿತು. ಓದಲು ಬರದಿದ್ದರೆ ಕಣ್ಣು ಬೇರೆಯದನ್ನು ಹುಡುಕುತ್ತದೆ.

ಕೊಠಡಿ ಹದಿನೈದು ನಿಮಿಷ ನಿಶ್ಶಬ್ದವಾಗಿತ್ತು. ನನಗೆ ಬಾಯಿ ತೆರೆಯಬೇಕು ಅನ್ನಿಸುತ್ತಿತ್ತು, ತಡೆದುಕೊಂಡೆ. ಗಿಡಮೂಲಿಕೆ ಪುಸ್ತಕದ ಹತ್ತಿರ ಮೂವರು ಇದ್ದರು. ಒಬ್ಬಳು ಹುಳುವಿನ ತೂತನ್ನು ಹಿಂಬಾಲಿಸುತ್ತಿದ್ದಳು. ಪುಸ್ತಕದ ಹುಳು ಅಂದರೆ ಒಂದು ಬಗೆಯ ದುಂಬಿಯ ಮರಿ. ಅದು ಹಾಳೆಯಿಂದ ಹಾಳೆಗೆ ಕೊರೆಯುತ್ತಾ ಹೋಗುತ್ತದೆ. ಹಾಗಾಗಿ ಒಂದು ಹಾಳೆಯ ತೂತು ಮುಂದಿನ ಹಾಳೆಯಲ್ಲೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಇರುತ್ತದೆ, ಸ್ವಲ್ಪ ಸ್ವಲ್ಪ ಜರುಗುತ್ತಾ. ಅವಳು ಸಣ್ಣ ಕಾಗದದ ಪಟ್ಟಿಯಲ್ಲಿ ಆ ಜಾಗ ಗುರುತು ಮಾಡಿಕೊಂಡು ಒಂದೊಂದೇ ಹಾಳೆ ತಿರುಗಿಸುತ್ತಿದ್ದಳು.

"ಸರ್, ಹುಳು ಇಲ್ಲಿ ಹಾರಿದೆ" ಅಂದಳು.

ಎಂಟನೇ ಫಾರಂನ ಮೊದಲ ಹಾಳೆಯಲ್ಲಿ ಎರಡು ತೂತು ಇತ್ತು. ಎರಡನೆಯದರಲ್ಲಿ ಒಂದೂ ಇಲ್ಲ. ಮೂರನೆಯದರಲ್ಲಿ ಮತ್ತೆ ಎರಡು, ಸರಿಯಾಗಿ ಅದೇ ಜಾಗದಲ್ಲಿ. ಹುಳು ಹಾರುವುದಿಲ್ಲ. ನನ್ನ ಎದೆ ಹೊಡೆದುಕೊಂಡದ್ದು ನನಗೇ ಕೇಳಿಸಿತು. ಉತ್ತರ ಹೇಳಬೇಡ ಅಂತ ನನಗೆ ನಾನೇ ಹೇಳಿಕೊಂಡು, "ಈ ಹಾಳೆಯ ಜೋಡಿ ಯಾವುದು?" ಅಂತ ಮಾತ್ರ ಕೇಳಿದೆ. ಅವಳು ನಾನು ಮಡಿಸಿದ್ದ ಕಾಗದವನ್ನು ಎಳೆದುಕೊಂಡು ಎಣಿಸಿದಳು. ಎರಡಕ್ಕೆ ಐದು. ನಾಲ್ಕನೆಯದರಲ್ಲಿ ತೂತು ಇತ್ತು. ಐದನೆಯದು ತಿರುಗಿಸಿದಳು. ಇರಲಿಲ್ಲ. ಆರನೆಯದರಲ್ಲಿ ಇತ್ತು. ಅಷ್ಟರಲ್ಲಿ ಉಳಿದ ಮೇಜಿನವರೂ ಎದ್ದು ಬಂದಿದ್ದರು.

ಕಾರಣ ಹುಡುಕಿದ್ದು

ತೂತು ಇಲ್ಲ ಅಂದ ಕೂಡಲೇ ಹಾಳೆ ಬೇರೆ ಕಡೆಯಿಂದ ಬಂದದ್ದು ಅಂತ ತೀರ್ಮಾನ ಮಾಡುವ ಹಾಗಿಲ್ಲ. ಬೇರೆ ಸಾಧ್ಯತೆಗಳನ್ನು ಒಂದೊಂದಾಗಿ ಅಳಿಸಬೇಕು. ಆ ವಾರದ ಕೊನೆಯ ತನಕ ನಾವು ಅದನ್ನೇ ಮಾಡಿದೆವು.

ಮೊದಲು, ಯಾರಾದರೂ ತೂತನ್ನು ಮುಚ್ಚಿ ರಿಪೇರಿ ಮಾಡಿದ್ದಾರಾ? ಹಾಳೆಯ ಹಿಂದೆ ತೆಳುವಾದ ಎಲ್‌ಇಡಿ ಬೆಳಕಿನ ಫಲಕ ಹಿಡಿದೆವು. ತುಂಬಿದ ಜಾಗ ಇದ್ದರೆ ಬೆಳಕಿನಲ್ಲಿ ಗಾಢವಾಗಿಯೋ ತೆಳುವಾಗಿಯೋ ಬೇರೆ ಕಾಣುತ್ತದೆ. ಏನೂ ಇರಲಿಲ್ಲ. ಅದೇ ಬೆಳಕಿನಲ್ಲಿ ವಾಟರ್‌ಮಾರ್ಕ್, ಅಂದರೆ ಕಾಗದ ಮಾಡುವಾಗಲೇ ಅದರೊಳಗೆ ಮೂಡಿಸುವ ಗುರುತು, ಕಂಡಿತು. ಫಾರಂನ ಉಳಿದ ಎರಡು ಕಾಗದಗಳಲ್ಲಿ ಕಿರೀಟ. ಈ ಕಾಗದದಲ್ಲಿ ಬೆರಳು ಚಾಚಿದ ಅಂಗೈ. ಇದೂ ಪೂರ್ತಿ ಸಾಕ್ಷಿಯಲ್ಲ. ಆಗಿನ ಪ್ರೆಸ್‌ಗಳು ಸಿಕ್ಕಿದ ಕಾಗದವನ್ನೆಲ್ಲ ಬೆರೆಸಿ ಬಳಸುತ್ತಿದ್ದವು.

ಎರಡನೆಯದು, ಅಚ್ಚಿನ ತಪ್ಪು ಸಿಕ್ಕಿ ಪ್ರೆಸ್‌ನವರೇ ಆ ಕಾಗದವನ್ನು ತೆಗೆದು ಹೊಸದು ಹಾಕಿದ್ದಾರಾ? ಹಾಗೆ ಮಾಡುತ್ತಿದ್ದದ್ದು ನಿಜ. ಆದರೆ ಅದು ಪುಸ್ತಕ ಮಾರಾಟಕ್ಕೆ ಹೋಗುವ ಮುಂಚಿನ ಕೆಲಸ. ಆಮೇಲೆ ಬಂದ ಹುಳು ಆ ಹಾಳೆಯನ್ನೂ ತಿನ್ನಬೇಕಿತ್ತು.

ಮೂರನೆಯದೇ ಕಷ್ಟದ್ದು. ಈ ಹಾಳೆ ಹೊಲಿಗೆ ಬಿಟ್ಟು ಸಡಿಲವಾಗಿ, ಎಲ್ಲೋ ಬೇರೆ ಕಡೆ ಇದ್ದು, ಹುಳು ತಿಂದು ಮುಗಿಸಿದ ಮೇಲೆ ವಾಪಸ್ ಸೇರಿರಬಹುದಲ್ಲವೇ? ಇದಕ್ಕೆ ಉತ್ತರ ಸ್ಕೇಲ್ ಕೊಟ್ಟಿತು. ಎರಡನೆಯ ಮತ್ತು ಐದನೆಯ ಹಾಳೆ ಉಳಿದವಕ್ಕಿಂತ 4 ಮಿಲಿಮೀಟರ್ ಗಿಡ್ಡ. ಮತ್ತೆ ಐದನೆಯ ಹಾಳೆಯ ಅಂಚಿನಲ್ಲಿ ಯಾರೋ ಕಂದು ಮಸಿಯಲ್ಲಿ ಟಿಪ್ಪಣಿ ಬರೆದಿದ್ದಾರೆ. ಪ್ರತಿ ಸಾಲಿನ ಕೊನೆಯ ಅಕ್ಷರಗಳು ಬೈಂಡರ್‌ನ ಚಾಕುವಿಗೆ ಕತ್ತರಿಸಿ ಹೋಗಿವೆ. ಇಡೀ ಪುಸ್ತಕದಲ್ಲಿ ಬೇರೆಲ್ಲೂ ಆ ಕೈಬರಹ ಇಲ್ಲ. ಅಂದರೆ ಈ ಕಾಗದ ಬೇರೊಬ್ಬರ ಪುಸ್ತಕದಲ್ಲಿತ್ತು. ಅಲ್ಲಿ ಯಾರೋ ಅದನ್ನು ಓದಿದರು, ಬರೆದರು. ಆ ಪುಸ್ತಕಕ್ಕೆ ಹೊಸ ಬೈಂಡಿಂಗ್ ಆಗುವಾಗ ಅಂಚು ಕತ್ತರಿಸಿತು. ಆಮೇಲೆ ಅದನ್ನು ಬಿಚ್ಚಿ ಈ ಹಾಳೆಗಳನ್ನು ನಮ್ಮದಕ್ಕೆ ಸೇರಿಸಿದರು.

ಇನ್ನೊಂದು ಸಂಗತಿ ನನಗೆ ತುಂಬ ಇಷ್ಟವಾಯಿತು. ಹಳೆಯ ಪುಸ್ತಕಗಳಲ್ಲಿ ಚಿತ್ರದ ಮಸಿ ಎದುರಿನ ಪುಟಕ್ಕೆ ಮಸುಕಾಗಿ ಅಂಟಿಕೊಳ್ಳುತ್ತದೆ. ಎರಡನೆಯ ಹಾಳೆಯ ಗಿಡದ ನೆರಳು ಎದುರಿನ ಪುಟದಲ್ಲಿ ಇದೆ. ಆದರೆ ಅದು ಈಗಿರುವ ಚಿತ್ರಕ್ಕೆ ಕೂಡಿಕೊಳ್ಳುವುದಿಲ್ಲ, ಸುಮಾರು ಅರ್ಧ ಬೆರಳು ಪಕ್ಕಕ್ಕಿದೆ. ಅದು ಮೊದಲು ಅಲ್ಲಿದ್ದು ಕಳೆದುಹೋದ ಹಾಳೆಯ ನೆರಳೇ ಇರಬೇಕು ಅಂತ ನಮ್ಮ ಸಹೋದ್ಯೋಗಿ ಹೇಳುತ್ತಾರೆ. ಮತ್ತೆ ಬೈಂಡಿಂಗ್ ಮಾಡುವಾಗ ಹಾಳೆ ಜರುಗಿಯೂ ಹೀಗಾಗಬಹುದು, ಆದ್ದರಿಂದ ಇದನ್ನು ಸಾಕ್ಷಿ ಅಂತ ಬರೆಯಲಿಲ್ಲ.

ಕೊನೆಗೆ ಬೇರೆ ಗ್ರಂಥಾಲಯಗಳು ಸ್ಕ್ಯಾನ್ ಮಾಡಿ ಇಟ್ಟಿದ್ದ ಎರಡು ಪ್ರತಿಗಳ ಜೊತೆ ಸಾಲು ಸಾಲಾಗಿ ಹೋಲಿಸಿದೆವು. ಅದೇ ಸಾಲು, ಅದೇ ಮುರಿದ ಅಚ್ಚುಮೊಳೆ. ನಕಲಿ ಅಲ್ಲ, ಅದೇ ಮುದ್ರಣದ ಇನ್ನೊಂದು ಪ್ರತಿಯ ಹಾಳೆ.

ಹೀಗೆ ಎರಡು ಪುಸ್ತಕ ಸೇರಿಸಿ ಒಂದು ಮಾಡುವುದು ಹದಿನೆಂಟು, ಹತ್ತೊಂಬತ್ತನೇ ಶತಮಾನಗಳಲ್ಲಿ ಸಾಮಾನ್ಯವಾಗಿತ್ತು. ಸಂಗ್ರಹ ಮಾಡುವವರಿಗೆ ಪೂರ್ಣ ಪ್ರತಿ ಬೇಕಿತ್ತು, ವ್ಯಾಪಾರಿಗಳು ಮಾಡಿಕೊಡುತ್ತಿದ್ದರು. ಹಾಳೆ ಸಿಗದಿದ್ದರೆ ಕೈಯಲ್ಲೇ ಬರೆಸುತ್ತಿದ್ದರು. ಲಂಡನ್‌ನ ಜಾನ್ ಹ್ಯಾರಿಸ್ ಎಂಬಾತ ಅಚ್ಚಿನಂತೆಯೇ ಕಾಣುವ ಹಾಳೆಗಳನ್ನು ಪೆನ್ನಿನಲ್ಲಿ ಮಾಡುತ್ತಿದ್ದ. ಬ್ರಿಟಿಷ್ ಮ್ಯೂಸಿಯಂನವರಿಗೇ ಯಾವುದು ಅಸಲು ಅಂತ ಗುರುತಿಸುವುದು ಕಷ್ಟವಾಗಿ, ಆತನ ಹಾಳೆಗೆ ಗುರುತು ಹಾಕಬೇಕು ಅಂತ ನಿಯಮ ಮಾಡಬೇಕಾಯಿತು. ಇದರ ಕೆಟ್ಟ ಮುಖವೂ ಇದೆ. ಥಾಮಸ್ ಜೇಮ್ಸ್ ವೈಸ್ ಎಂಬ ಹೆಸರಾಂತ ಸಂಗ್ರಾಹಕ ತನ್ನ ಹಳೆಯ ನಾಟಕಗಳ ಪ್ರತಿ ಪೂರ್ತಿ ಮಾಡಿಕೊಳ್ಳಲು ಬ್ರಿಟಿಷ್ ಮ್ಯೂಸಿಯಂನ ಪುಸ್ತಕಗಳಿಂದಲೇ ಹಾಳೆ ಕಿತ್ತುಕೊಂಡಿದ್ದ. ಆತ ತೀರಿಕೊಂಡು ಎರಡು ದಶಕ ಕಳೆದ ಮೇಲೆ ಹಳೆಯ ಪುಸ್ತಕಗಳ ವಿದ್ವಾಂಸ ಡೇವಿಡ್ ಫಾಕ್ಸನ್ ಪ್ರತಿಗಳನ್ನು ಹೋಲಿಸಿ ಅದನ್ನು ಬಯಲು ಮಾಡಿದರು. ಅಲ್ಲಿ ಕಾಣೆಯಾಗಿದ್ದ ಹಾಳೆಗಳು ಇನ್ನೂರಕ್ಕೂ ಹೆಚ್ಚು. ನಮ್ಮ ಹಾಳೆ ಎಲ್ಲಿಂದ ಬಂತು ಅನ್ನುವುದಕ್ಕೆ ಇನ್ನೂ ದಾಖಲೆ ಸಿಕ್ಕಿಲ್ಲ. ಹುಡುಕುವುದು ನಮ್ಮ ಜವಾಬ್ದಾರಿ.

ಕ್ಯಾಟಲಾಗ್ ಬರೆದವರದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಅವರು ಫಾರಂಗಳ ಗುರುತು ನೋಡಿ ಹಾಳೆ ಎಣಿಸಿದ್ದರು. ಎಣಿಕೆ ಸರಿಯಾಗಿಯೇ ಇತ್ತು. ಒಂದೂ ಹಾಳೆ ಕಡಿಮೆ ಇಲ್ಲ. ಎಣಿಸುವ ಕಣ್ಣಿಗೆ ಇದು ಕಾಣುವುದಿಲ್ಲ. ತೂತಿನ ಹಿಂದೆ ಹಾಳೆ ಹಾಳೆಯಾಗಿ ಹೋಗಲು ಯಾರಿಗಾದರೂ ಪುರುಸೊತ್ತು ಬೇಕಿತ್ತು. ಆ ಪುರುಸೊತ್ತು ಬುಧವಾರ ಸಿಕ್ಕಿತು.

ಮೂರನೇ ಗುಂಪು ಮತ್ತು ಆಮೇಲೆ

ಶುಕ್ರವಾರದವರಿಗೆ ಇದನ್ನು ಹೇಳಬೇಕಾ ಬೇಡವಾ ಅಂತ ನಾನೂ ಮೇಡಮ್ಮೂ ಸುಮಾರು ಹೊತ್ತು ಮಾತಾಡಿದೆವು. ಹೇಳುವುದು ಬೇಡ ಅಂತ ಆಯಿತು. ಅವರು ಆ ಹಾಳೆಯನ್ನು ಗಮನಿಸಲಿಲ್ಲ. ಬದಲಿಗೆ ಒಬ್ಬ ಹುಡುಗ ಇನ್ನೊಂದು ಪುಸ್ತಕದ ಚಿತ್ರದಲ್ಲಿ ಬಿಳಿ ಚುಕ್ಕೆಗಳನ್ನು ನೋಡಿ, ಇದೂ ಹುಳುವಿನ ತೂತು ಅಂದ. ಹಿಂದೆ ಬೆಳಕು ಹಿಡಿದರೆ ಕಾಗದ ಗಟ್ಟಿಯಾಗಿದೆ. ತೂತು ಇದ್ದದ್ದು ಕಾಗದದಲ್ಲಲ್ಲ, ಮರದಚ್ಚಿನಲ್ಲಿ. ಹುಳು ತಿಂದ ಜಾಗಕ್ಕೆ ಮಸಿ ಹತ್ತದೆ ಕಾಗದ ಬಿಳಿಯಾಗಿ ಉಳಿದಿದೆ. ಬ್ಲೇರ್ ಹೆಡ್ಜಸ್ ಎಂಬ ಜೀವವಿಜ್ಞಾನಿ ಇಂಥ ಚುಕ್ಕೆಗಳನ್ನೇ ಅಳೆದು, ಯೂರೋಪಿನ ಯಾವ ಭಾಗದಲ್ಲಿ ಯಾವ ಜಾತಿಯ ದುಂಬಿ ಇತ್ತು ಅಂತ ತೋರಿಸಿದ್ದಾರೆ. ಅದನ್ನು ಆ ಹುಡುಗನಿಗೆ ಹೇಳಿದಾಗ ಅವನ ಮುಖ ನೋಡಬೇಕಿತ್ತು.

ಕ್ಯಾಟಲಾಗ್‌ನಲ್ಲಿ ಈಗ ಆ ಪುಸ್ತಕಕ್ಕೆ ಒಂದು ಸಾಲಿನ ಬದಲು ಆರು ಸಾಲು ಇದೆ. ಯಾವ ಹಾಳೆ, ಯಾವ ವಾಟರ್‌ಮಾರ್ಕ್, ಎಷ್ಟು ಗಿಡ್ಡ, ಯಾವ ಅಂಚಿನಲ್ಲಿ ಟಿಪ್ಪಣಿ, ಎಲ್ಲ ಬರೆದಿದ್ದೇವೆ. ಇದು ತರಗತಿಯಲ್ಲಿ ಗೊತ್ತಾಯಿತು ಅಂತಲೂ ಸೇರಿಸಿದ್ದೇವೆ. ಮುಂದಿನ ಸೆಮಿಸ್ಟರ್‌ಗೆ ಬಂದ ಎರಡು ಕೋರಿಕೆಗೂ ಇದೇ ರೀತಿ ಉತ್ತರ ಕೊಟ್ಟೆ: ಐದು ಪುಸ್ತಕ, ಸಣ್ಣ ಗುಂಪು, 75 ನಿಮಿಷ. ಒಬ್ಬರು ಒಪ್ಪಿದರು. ಇನ್ನೊಬ್ಬರು ಅಷ್ಟು ಸಮಯ ಇಲ್ಲ ಅಂದರು. ಅವರ ಜೊತೆ ಇನ್ನೂ ಮಾತಾಡುತ್ತಿದ್ದೇನೆ.

ಓದುವ ಕೊಠಡಿಯ ರಿಜಿಸ್ಟರ್‌ನಲ್ಲಿ ಈ ತರಗತಿಯ ಒಂಬತ್ತು ಸಹಿ ಇದೆ. ಏಳು ಜನ ಬುಧವಾರದ ಗುಂಪಿನವರು. ತೂತು ಹುಡುಕಿದ ಹುಡುಗಿ ಪ್ರತಿ ಗುರುವಾರ ಬರುತ್ತಾಳೆ. ಕೈ ತೊಳೆದು, ಒರೆಸಿಕೊಂಡು, ಅದೇ ಪುಸ್ತಕ ಕೇಳುತ್ತಾಳೆ. ಐದನೆಯ ಹಾಳೆಯ ಅಂಚಿನ ಟಿಪ್ಪಣಿ ಓದುವುದು ಅವಳ ಕೆಲಸ. ಹಳೆಯ ಕೈಬರಹದ ಅಕ್ಷರಮಾಲೆಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಅಕ್ಷರ ಬಿಡಿಸುತ್ತಾಳೆ. ಕಳೆದ ವಾರ ಮೊದಲ ಸಾಲು ಮುಗಿಯಿತು. ಒಂದು ಗಿಡದ ಹೆಸರು ಇರಬೇಕು ಅಂತ ಅವಳ ಊಹೆ. ಕೊನೆಯ ಎರಡು ಅಕ್ಷರ ಚಾಕುವಿನ ಜೊತೆ ಹೋಗಿವೆ.